ಮಂಡಿ ಮೊಹಲ್ಲಾದ ಒಣಮರ

ಮೈಸೂರಿಗೆ ಬರುವ ಶಾಲಾ ಪ್ರವಾಸದ ಬಸ್ಸುಗಳಿಗೆ ಒಂದೇ ದಾರಿ ಗೊತ್ತು. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಮೃಗಾಲಯ, ಊಟದ ನಂತರ ಅರಮನೆ, ಸಂಜೆಗೆ ಕೆ.ಆರ್.ಎಸ್. ಅಲ್ಲಿಗೆ ಮೈಸೂರು ಮುಗಿಯಿತು ಎಂದುಕೊಂಡು ಮಕ್ಕಳು ಬಸ್ಸಿನಲ್ಲೇ ನಿದ್ದೆ ಹೋಗುತ್ತಾರೆ. ಆದರೆ ಅರಮನೆಯಿಂದ ಸುಮಾರು ಇಪ್ಪತ್ತು ನಿಮಿಷ ನಡೆದರೆ ಸಿಗುವ ಒಂದು ಬಡಾವಣೆ ಯಾವ ಪ್ರವಾಸದ ಪಟ್ಟಿಯಲ್ಲೂ ಇರುವುದಿಲ್ಲ. ಅದೇ ಮಂಡಿ ಮೊಹಲ್ಲಾ.

ದೊಡ್ಡ ಗಡಿಯಾರದ ಕಡೆಯಿಂದ ಅಶೋಕ ರಸ್ತೆ ಹಿಡಿದು ಉತ್ತರಕ್ಕೆ ನಡೆಯಿರಿ. ಎರಡೂ ಕಡೆ ಚಿನ್ನ ಬೆಳ್ಳಿಯ ಅಂಗಡಿಗಳು. ಇರ್ವಿನ್ ರಸ್ತೆ ಸೇರುವ ನೆಹರು ವೃತ್ತ ದಾಟಿದ ಮೇಲೆ, ದೂರದಲ್ಲಿ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು ಆಕಾಶಕ್ಕೆ ಚುಚ್ಚಿದಂತೆ ಕಾಣುತ್ತವೆ. ಚರ್ಚು ತಲುಪುವ ಮೊದಲೇ ಎಡಗಡೆಯ ಗಲ್ಲಿಗಳಿಗೆ ಹೊಕ್ಕರೆ ಮಂಡಿ ಮೊಹಲ್ಲಾ. ಮಂಡಿ ಎಂದರೆ ಸಗಟು ವ್ಯಾಪಾರದ ಜಾಗ, ಮೊಹಲ್ಲಾ ಎಂದರೆ ಕೇರಿ. ಹೆಸರಿಗೆ ತಕ್ಕಂತೆ ಇಲ್ಲಿ ಮೂಟೆ ಇಳಿಸುವವರು, ಕೈಗಾಡಿ ತಳ್ಳುವವರು, ಬಿರಿಯಾನಿಯ ಹಂಡೆ, ಬಾಂಗಿನ ಕೂಗು, ಶಾಲೆಯ ಗಂಟೆ ಎಲ್ಲವೂ ಒಟ್ಟಿಗೆ. ಮೈಸೂರಿನವರು ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುವ, 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೂ ಈ ಮೊಹಲ್ಲಾದಲ್ಲೇ ಇದೆ. ಹಳೆಯ ಮೈಸೂರಿನ ಎಷ್ಟೋ ಅಜ್ಜ ಅಜ್ಜಿಯರು ಕಣ್ಣು ಬಿಟ್ಟದ್ದೇ ಅಲ್ಲಿ.

ಗಲ್ಲಿಯ ಗದ್ದಲದ ನಡುವೆ ಕಿವಿಗೊಟ್ಟರೆ ಇನ್ನೊಂದು ಸಣ್ಣ ಸದ್ದು ಕೇಳುತ್ತದೆ. ಕಿರ್ರ್ ಕಿರ್ರ್ ಎಂದು ತೆಳ್ಳನೆಯ ಗರಗಸ ಆಡುವ ಸದ್ದು, ಆಮೇಲೆ ಸರ್ ಸರ್ ಎಂದು ಉಪ್ಪುಕಾಗದ ಉಜ್ಜುವ ಸದ್ದು. ಅದು ‘ಇನ್‌ಲೇ’ ಕೆಲಸದ ಮನೆ. ಬೀಟೆ ಮರದ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂಡಿಸಿ ಚಿತ್ರ ಮಾಡುವ ಕಲೆ ಅದು. ‘ಮೈಸೂರು ರೋಸ್‌ವುಡ್ ಇನ್‌ಲೇ’ ಎಂಬ ಹೆಸರಿನಲ್ಲಿ 2005-06ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಈ ಕಲೆಯ ಹಳೆಯ ವೈಭವ ನೋಡಬೇಕೆಂದರೆ ಅರಮನೆಗೇ ಹೋಗಬೇಕು. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಸಿಕ್ಕಿ ಹಾಳಾಯಿತು. ಈಗಿನ ಅರಮನೆ 1912ರಲ್ಲಿ ಪೂರ್ತಿಯಾಯಿತು. ಅದರ ಅಂಬಾವಿಲಾಸದಲ್ಲಿ ಬೀಟೆಯ ಬಾಗಿಲಿಗೆ ಆನೆಯ ದಂತ ಕೂರಿಸಿದ ಕುಸುರಿ ಕೆಲಸವಿದೆ. ದಂತದ ವ್ಯಾಪಾರಕ್ಕೆ ನಿಷೇಧ ಬಂದ ಮೇಲೆ ಕುಶಲಕರ್ಮಿಗಳು ಮರದ ಬಣ್ಣಗಳನ್ನೇ ಹೆಚ್ಚು ನೆಚ್ಚಿಕೊಂಡರು. ಆನೆಗಳಿಗೂ ಒಳ್ಳೆಯದಾಯಿತು, ಚಿತ್ರಗಳಿಗೂ ಹೊಸ ಬಣ್ಣ ಬಂತು.

ಬಣ್ಣ ಎಂದರೆ ಡಬ್ಬಿಯ ಬಣ್ಣವೆಂದು ತಿಳಿಯಬೇಡಿ. ಇಲ್ಲಿ ಕುಂಚವಿಲ್ಲ. ಹಳದಿ ಬೇಕೆಂದರೆ ಹಲಸಿನ ಮರ. ಕೆನೆಬಿಳುಪಿಗೆ ರಬ್ಬರ್ ಮರ. ಹೊಂಬಣ್ಣದ ಕಂದಿಗೆ ತೇಗ. ಅಚ್ಚಗಪ್ಪಿಗೆ ಕರಿಮರ. ಹಿನ್ನೆಲೆಯ ಕಪ್ಪು ನೇರಳೆ ಬೆರೆತ ಕಂದು ಬೀಟೆಯದು. ಮೊದಲು ಚಿತ್ರವನ್ನು ಕಾಗದದ ಮೇಲೆ ಬರೆದು, ಒಂದೊಂದು ಭಾಗಕ್ಕೆ ಯಾವ ಮರ ಎಂದು ತೀರ್ಮಾನಿಸುತ್ತಾರೆ. ಆಮೇಲೆ ದಾರದಂಥ ಗರಗಸದಿಂದ ಚೂರುಗಳನ್ನು ಕತ್ತರಿಸಿ, ಒಂದಕ್ಕೊಂದು ಕೂದಲೆಳೆಯ ಸಂದೂ ಬಿಡದಂತೆ ಕೂಡಿಸಿ ಅಂಟಿಸುತ್ತಾರೆ. ಒಣಗಿದ ಮೇಲೆ ಮಟ್ಟ ಮಾಡಿ, ಉಜ್ಜಿ, ಕೊನೆಗೆ ಪಾಲಿಶ್. ಪಾಲಿಶ್ ಬೀಳುವವರೆಗೆ ಚಿತ್ರ ಧೂಳು ಮುಚ್ಚಿದ ಕನ್ನಡಿಯಂತೆ ಮಂಕು. ಬಟ್ಟೆ ಒಮ್ಮೆ ಆಡಿದ್ದೇ ತಡ, ನದಿ, ಗುಡ್ಡ, ಆನೆ, ಗುಡಿಸಲು ಎಲ್ಲ ಎದ್ದು ಬರುತ್ತವೆ.

ಈ ಊರ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ನೋಟ ಹೀಗಿರುತ್ತದೆ. ಸಂಜೆಯ ಆಕಾಶ, ಮುಳುಗುವ ಸೂರ್ಯ, ಅದರ ಮುಂದೆ ಎಲೆಯೇ ಇಲ್ಲದ ಒಂದು ಮರ. ಕಳೆದ ರಜೆಯಲ್ಲಿ ನಾಲ್ಕನೇ ತರಗತಿಯ ನನ್ನ ಮೊಮ್ಮಗಳನ್ನು ಕರೆದುಕೊಂಡು ಅಂಥ ಒಂದು ಕೆಲಸದ ಮನೆಗೆ ಹೋಗಿದ್ದೆ. ಅಲ್ಲಿನ ಹಿರಿಯ ಕುಶಲಕರ್ಮಿಯನ್ನು ಕೇರಿಯವರೆಲ್ಲ ಉಸ್ತಾದರು ಎನ್ನುತ್ತಾರೆ. ಮುಗಿದಿದ್ದ ಹಲಗೆಯೊಂದನ್ನು ಅವರು ಗೋಡೆಗೆ ಒರಗಿಸಿದ್ದರು. ಎಡಕ್ಕೆ ತುಂಬಿದ ಮಾವಿನ ಮರ, ಬಲಕ್ಕೆ ಬೋಳುಮರ, ನಡುವೆ ಹೊಳೆ.

“ಅಜ್ಜಿ, ಎಲ್ಲಾ ಎಷ್ಟು ಚೆನ್ನಾಗಿದೆ! ಈ ಮರ ಮಾತ್ರ ಯಾಕೆ ಸತ್ತೋಗಿದೆ?” ಎಂದು ಹುಡುಗಿ ಕೇಳಿಯೇಬಿಟ್ಟಳು.

ನಾನು ಬಾಯಿ ತೆರೆಯುವ ಮೊದಲೇ ಉಸ್ತಾದರು ನಕ್ಕರು. “ಅದೊಂದೇನಾ ಮಗಾ ಸತ್ತಿರೋದು? ಆ ಮಾವಿನ ಮರ ನೋಡು, ಅದೂ ಒಣಗಿದ ಮರದ್ದೇ. ಹೊಳೆನೂ ಒಣಗಿದ ಮರದ್ದೇ. ಹಸಿ ಮರದಲ್ಲಿ ಚಿತ್ರ ಮಾಡಿದ್ರೆ ಬಿರುಕು ಬಿಟ್ಟು ಹೋಗುತ್ತೆ.”

“ಹಾಗಾದ್ರೆ ಇದಕ್ಕೆ ಎಲೆ ಯಾಕಿಲ್ಲ, ತಾತ?”

“ಎಲೆ ಇಟ್ಟಿದ್ರೆ ಹಿಂದಿರೋ ಸೂರ್ಯ ನಿಂಗೆ ಕಾಣ್ತಿದ್ನಾ?”

ಹುಡುಗಿ ಸುಮ್ಮನಾದಳು. ಅವಳ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು. ಚೆಂದದ ನೋಟದ ನಡುವೆ ಒಣಗಿದ, ಮುರಿದ, ಲಡ್ಡಾದ ಮರವನ್ನು ಕಲಾವಿದರು ಯಾಕೆ ನಿಲ್ಲಿಸುತ್ತಾರೆ?

ಮೊದಲ ಕಾರಣ ಕೈಕೆಲಸದ್ದು. ಮರದ ಚಿತ್ರದಲ್ಲಿ ಹಸಿರು ಬಣ್ಣ ಸಿಗುವುದು ಬಹಳ ಕಷ್ಟ. ಕಂದು, ಹಳದಿ, ಕೆಂಪು, ಕಪ್ಪು ಬಣ್ಣದ ಮರಗಳು ಕಾಡಿನಲ್ಲಿ ಬೇಕಾದಷ್ಟಿವೆ. ಹಸಿರು ಎಲೆಯಲ್ಲಿರುತ್ತದೆ, ಮರದೊಳಗೆ ಇರುವುದಿಲ್ಲ. ಸಂಪಿಗೆ ಮರದ ಒಳಭಾಗದಲ್ಲಿ ಮಾತ್ರ ಒಂದಿಷ್ಟು ಹಸಿರು ಬೆರೆತ ಕಂದು ಕಾಣುತ್ತದೆ. ಹೀಗಾಗಿ ಎಲೆ ತುಂಬಿದ ಮರಕ್ಕಿಂತ ಬೋಳುಮರವೇ ಈ ಕಲೆಗೆ ಸಹಜವಾಗಿ ಒಗ್ಗುತ್ತದೆ.

ಬೋಳುಮರವೆಂದರೆ ಸುಲಭವೆಂದು ಮಾತ್ರ ಅಂದುಕೊಳ್ಳಬೇಡಿ. ಮರಕ್ಕೆ ಎಳೆಯಿರುತ್ತದೆ, ಕಬ್ಬಿನ ಸಿಪ್ಪೆಗೆ ಇರುವ ಹಾಗೆ. ಎಳೆಯ ಉದ್ದಕ್ಕೆ ಕತ್ತರಿಸಿದರೆ ಹುಲ್ಲುಕಡ್ಡಿಯಷ್ಟು ತೆಳುವಾದ ಚೂರೂ ನಿಲ್ಲುತ್ತದೆ. ಎಳೆಗೆ ಅಡ್ಡವಾಗಿ ಕತ್ತರಿಸಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಕೊಂಬೆಯೊಂದು ಎಡಕ್ಕೆ, ಇನ್ನೊಂದು ಬಲಕ್ಕೆ, ಮತ್ತೊಂದು ಮೇಲಕ್ಕೆ ಹೋದಾಗ ಒಂದೇ ಚೂರಿನಲ್ಲಿ ಎಲ್ಲವನ್ನೂ ಕತ್ತರಿಸಿದರೆ ಯಾವುದಾದರೂ ಒಂದು ಕೊಂಬೆ ಮುರಿಯುವುದೇ ಸೈ. ಒಂದೊಂದು ಕೊಂಬೆಯನ್ನೂ ಅದರದೇ ಎಳೆಯ ದಿಕ್ಕಿನಲ್ಲಿ ಬೇರೆಯಾಗಿ ಕತ್ತರಿಸಿ, ಕವಲಿನಲ್ಲಿ ಬೆಸುಗೆ ಕಾಣದಂತೆ ಸೇರಿಸಿದರೆ ಮರ ಉಳಿಯುತ್ತದೆ. ಎಲೆಗಳು ಇದ್ದಿದ್ದರೆ ತಪ್ಪನ್ನು ಮುಚ್ಚುತ್ತಿದ್ದವು. ಬೋಳುಮರದಲ್ಲಿ ಕೈಯ ಪಳಗಿಕೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಎರಡನೆಯ ಕಾರಣ ಮಂಡಿ ಮೊಹಲ್ಲಾಗೆ ಮಾತ್ರ ಸೇರಿದ್ದಲ್ಲ. ಲೋಕದ ಬೇರೆ ಬೇರೆ ಮೂಲೆಗಳಲ್ಲಿ, ಒಬ್ಬರ ಹೆಸರು ಇನ್ನೊಬ್ಬರು ಕೇಳಿರದ ಕಾಲದಲ್ಲೂ, ನಿಸರ್ಗದ ಚಿತ್ರ ಬರೆದವರು ಒಣಮರದ ಹತ್ತಿರ ಬಂದು ನಿಂತಿದ್ದಾರೆ.

ಚೀನಾದಲ್ಲಿ ಸು ಶಿ ಎಂಬ ಕವಿ ಇದ್ದ. 1037ರಲ್ಲಿ ಹುಟ್ಟಿ 1101ರಲ್ಲಿ ತೀರಿಕೊಂಡ. ದೊಡ್ಡ ಸರ್ಕಾರಿ ಅಧಿಕಾರಿಯಾಗಿದ್ದವನು ಆಳುವವರ ಸಿಟ್ಟಿಗೆ ಗುರಿಯಾಗಿ ದೂರದ ಊರಿಗೆ ಹೋಗಬೇಕಾಯಿತು. ಅವನದೆಂದು ಹೇಳುವ ಒಂದು ಚಿತ್ರದಲ್ಲಿ ಇರುವುದು ಇಷ್ಟೇ: ತಿರುಚಿಕೊಂಡ ಒಂದು ಒಣಮರ, ಪಕ್ಕದಲ್ಲಿ ಒಂದು ಬಂಡೆ. ಬರೀ ಮಸಿಯ ಚಿತ್ರ, ಬೇರೆ ಬಣ್ಣವೇ ಇಲ್ಲ. 2018ರಲ್ಲಿ ಹಾಂಗ್‌ಕಾಂಗಿನಲ್ಲಿ ಅದು ಹರಾಜಾದಾಗ ಬಂದ ಬೆಲೆ 46 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚು. ಗಾಳಿ ಬಡಿದು ಬಡಿದು ಬಾಗಿದರೂ ಬೇರು ಬಿಡದ ಮರವನ್ನು ಕಷ್ಟದಲ್ಲಿರುವ ಒಳ್ಳೆಯ ಮನುಷ್ಯನ ಗುರುತಾಗಿ ಚೀನೀಯರು ನೋಡುತ್ತಿದ್ದರು.

ಸುಮಾರು ಐನೂರೈವತ್ತು ವರ್ಷಗಳ ನಂತರ ಹಾಲೆಂಡಿನಲ್ಲಿ ಯಾಕೊಬ್ ವಾನ್ ರೌಸ್‌ಡಾಲ್ ಎಂಬ ಚಿತ್ರಕಾರ ‘ಯಹೂದಿ ಸ್ಮಶಾನ’ ಎಂಬ ಚಿತ್ರ ಬರೆದ. ಅದರಲ್ಲಿ ಗೋರಿಗಳಿವೆ, ಪಾಳುಬಿದ್ದ ಕಟ್ಟಡವಿದೆ, ತೊಗಟೆ ಕಳಚಿ ಮೂಳೆಯ ಹಾಗೆ ಬೆಳ್ಳಗಾದ ಒಂದು ಮರವಿದೆ. ಜೊತೆಗೆ ಹರಿಯುವ ತೊರೆಯೂ ಇದೆ, ಮೋಡದ ಅಂಚಿನಲ್ಲಿ ಕಾಮನಬಿಲ್ಲೂ ಇದೆ. ಇದೇ ನೋಟವನ್ನು ಅವನು ಎರಡು ಸಲ ಬರೆದ. ಒಂದು ಈಗ ಜರ್ಮನಿಯ ಡ್ರೆಸ್ಡನ್‌ನಲ್ಲಿದೆ, ಇನ್ನೊಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿದೆ. ಜರ್ಮನಿಯವನೇ ಆದ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ 1809-10ರಲ್ಲಿ ಹಿಮದ ನಡುವಿನ ಪಾಳು ಮಠವನ್ನೂ ಅದರ ಸುತ್ತಲಿನ ಬೋಳು ಓಕ್ ಮರಗಳನ್ನೂ ಬರೆದ. ಮರದ ಕೆಳಗೆ ನಡೆಯುವ ಸನ್ಯಾಸಿಗಳು ಇರುವೆಗಳಷ್ಟು ಚಿಕ್ಕವರು.

ಈ ಮೂವರೂ ಚಿತ್ರದಲ್ಲಿ ತೋರಿಸಲಾಗದ ಒಂದನ್ನು ತೋರಿಸಲು ಹೊರಟಿದ್ದರು. ಬೆಟ್ಟವನ್ನು ಬರೆಯಬಹುದು, ನೀರನ್ನು ಬರೆಯಬಹುದು. ಕಾಲವನ್ನು ಬರೆಯುವುದು ಹೇಗೆ? ಬೆಟ್ಟಕ್ಕೆ ಎಷ್ಟು ವಯಸ್ಸೆಂದು ನೋಡಿದರೆ ತಿಳಿಯುವುದಿಲ್ಲ, ಹೊಳೆಗೂ ತಿಳಿಯುವುದಿಲ್ಲ. ಒಣಮರವನ್ನು ನೋಡಿದ ತಕ್ಷಣ ಮಾತ್ರ ಅದು ಒಂದು ದಿನ ಸಸಿಯಾಗಿತ್ತು, ಚಿಗುರಿತ್ತು, ಹಣ್ಣು ಬಿಟ್ಟಿತ್ತು, ಸಿಡಿಲನ್ನೋ ಬರಗಾಲವನ್ನೋ ಕಂಡಿತ್ತು ಎಂದು ನಮ್ಮ ಮನಸ್ಸೇ ಕಥೆ ಹೇಳಿಕೊಳ್ಳುತ್ತದೆ.

ಎಲ್ಲ ಕಲಾವಿದರಿಗೂ ಒಣಮರ ಬೇಕೆಂದೇನೂ ಇಲ್ಲ. ನಮ್ಮ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಕಣ್ಣು ಕುಕ್ಕುವ ಬಣ್ಣಗಳಲ್ಲಿ ಹಿಡಿದರು. ಅವರ ಮರಗಳು ಹಬ್ಬದ ದಿನದ ಮರಗಳು. ಹಬ್ಬ ಕಳೆದ ಮೇಲೂ ಮರ ಅಲ್ಲೇ ನಿಂತಿರುತ್ತದೆಯಲ್ಲ, ಆಗಲೂ ಅದನ್ನು ನೋಡುವವರು ಬೇಕು.

ಇನ್ನು ಕೊಳೆಯುವ ಮರದ ಒಂದು ಸೋಜಿಗ ಕೇಳಿ. ಇಟಲಿಯ ಗುಬ್ಬಿಯೊ ಎಂಬ ಊರಿನ ಅರಮನೆಯಲ್ಲಿ ದೊರೆ ಫೆಡೆರಿಕೊ ತನಗಾಗಿ ಒಂದು ಓದುವ ಕೋಣೆ ಮಾಡಿಸಿದ್ದ. 1478ರಿಂದ 1482ರವರೆಗೆ ಅದರ ಕೆಲಸ ನಡೆಯಿತು. ಕೋಣೆಯ ಗೋಡೆಗಳಲ್ಲಿ ಪುಸ್ತಕ, ವಾದ್ಯ, ಪಂಜರದ ಗಿಳಿ ಎಲ್ಲವೂ ಮರದ ಚೂರುಗಳಿಂದಲೇ ಆದ ಚಿತ್ರಗಳು. ನಮ್ಮ ಮಂಡಿ ಮೊಹಲ್ಲಾದ ಕೆಲಸಕ್ಕೆ ದೂರದ ದಾಯಾದಿ ಎನ್ನಿ. ಆ ಕೋಣೆ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಆ ಮರಗೆಲಸದವರಿಗೂ ಹಸಿರಿನ ಕೊರತೆ ಕಾಡಿತ್ತು. ಅವರು ಅದನ್ನು ಕಂಡುಕೊಂಡದ್ದು ಎಲ್ಲಿ ಗೊತ್ತೇ? ಕಾಡಿನಲ್ಲಿ ಬಿದ್ದು ಕೊಳೆಯುತ್ತಿದ್ದ ದಿಮ್ಮಿಗಳಲ್ಲಿ! ಒಂದು ಜಾತಿಯ ಶಿಲೀಂಧ್ರ, ಅಂದರೆ ಅಣಬೆಯ ಬಳಗದ್ದು, ಸತ್ತ ಮರದೊಳಗೆ ಬೆಳೆಯುತ್ತಾ ಅದನ್ನು ನೀಲಿ ಬೆರೆತ ಹಸಿರಾಗಿಸುತ್ತದೆ. ಆ ಮರವನ್ನು ಹುಡುಕಿ ತಂದು, ಒಣಗಿಸಿ, ಚೂರು ಮಾಡಿ ಹಸಿರು ಬೇಕಾದಲ್ಲಿ ಕೂರಿಸಿದರು. ಐನೂರು ವರ್ಷ ಕಳೆದರೂ ಆ ಹಸಿರು ಉಳಿದಿದೆ. ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿ ಅದು ಆ ಶಿಲೀಂಧ್ರದ್ದೇ ಎಂದು ಖಚಿತಪಡಿಸಿದ್ದಾರೆ.

ಕೊಳೆಯುವ ಮರದೊಳಗೆ ಇನ್ನೊಂದು ಚಿತ್ರವೂ ನಡೆಯುತ್ತದೆ. ಎರಡು ಶಿಲೀಂಧ್ರಗಳು ಒಂದೇ ದಿಮ್ಮಿಯೊಳಗೆ ಎದುರಾದರೆ, ಜಗಳವಾಡುವ ಅಕ್ಕಪಕ್ಕದ ಮನೆಯವರ ಹಾಗೆ ನಡುವೆ ಕಪ್ಪು ಗೋಡೆ ಎಬ್ಬಿಸಿಕೊಳ್ಳುತ್ತವೆ. ಮರವನ್ನು ಸೀಳಿದಾಗ ಅದು ಮಸಿಯ ಪೆನ್ನಿನಿಂದ ಎಳೆದ ತೆಳ್ಳನೆಯ ಗೆರೆಯಂತೆ ಕಾಣುತ್ತದೆ. ಗುಡ್ಡದ ಸಾಲೋ, ನಕ್ಷೆಯೋ ಎನಿಸುವಂತಿರುತ್ತದೆ. ಹೊರದೇಶಗಳ ಮರಗೆಲಸದವರು ಇಂಥ ಗೆರೆಯ ಮರವನ್ನು ಹುಡುಕಿ ಕೊಳ್ಳುತ್ತಾರೆ. ಆದರೆ ಹದ ತಿಳಿದಿರಬೇಕು. ಹೆಚ್ಚು ಕೊಳೆತರೆ ಮರ ಹಿಟ್ಟಾಗಿಬಿಡುತ್ತದೆ. ಮರದಲ್ಲಿನ ತೇವ ಸುಮಾರು ಶೇಕಡಾ 20ಕ್ಕಿಂತ ಕಡಿಮೆಯಾಗುವಂತೆ ಒಣಗಿಸಿದರೆ ಶಿಲೀಂಧ್ರದ ಆಟ ನಿಲ್ಲುತ್ತದೆ. ಮಳೆಗಾಲದಲ್ಲಿ ಸೌದೆಯನ್ನು ಅಟ್ಟದ ಮೇಲೆ ಇಡುತ್ತಿದ್ದ ನಮ್ಮ ಮುತ್ತಜ್ಜಿಯರಿಗೆ ಈ ಲೆಕ್ಕ ಬಾಯಲ್ಲಿ ಬರುತ್ತಿರಲಿಲ್ಲ, ಕೈಗೆ ಗೊತ್ತಿತ್ತು.

ಮಂಡಿ ಮೊಹಲ್ಲಾದ ಹಲಗೆಯೂ ಹಾಗೆಯೇ ಕಾಲದ ಜೊತೆ ನಡೆಯುತ್ತದೆ. ಹಲಸಿನ ಮರ ಹೊಸತರಲ್ಲಿ ಅರಿಶಿನದಷ್ಟು ಹಳದಿ. ವರ್ಷಗಳು ಕಳೆದಂತೆ ಗಾಳಿ ಬೆಳಕಿಗೆ ಅದು ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಮದುವೆಗೆ ಉಡುಗೊರೆಯಾಗಿ ಬಂದ ಚಿತ್ರದಲ್ಲಿ ಸಂಜೆ ನಾಲ್ಕರ ಬಿಸಿಲಿದ್ದರೆ, ಆ ಮದುಮಕ್ಕಳು ಅಜ್ಜ ಅಜ್ಜಿ ಆಗುವ ಹೊತ್ತಿಗೆ ಅದೇ ಚಿತ್ರದಲ್ಲಿ ಸಂಜೆ ಆರಾಗಿರುತ್ತದೆ! ನಿಮ್ಮ ಮನೆಯ ನಡುಮನೆಯಲ್ಲಿ ಅಂಥ ಹಳೆಯ ಹಲಗೆ ಇದ್ದರೆ, ಚೌಕಟ್ಟಿನ ಅಂಚಿನಡಿ ಬೆಳಕು ಬೀಳದ ಕಡೆ ಇಣುಕಿ ನೋಡಿ. ಮೊದಲಿನ ಬಣ್ಣ ಒಂದಿಷ್ಟು ಉಳಿದಿದ್ದರೂ ಇರಬಹುದು.

ಈಗ ಈ ಕೆಲಸದ ಮನೆಗಳಿಗೂ ಸಂಜೆಯಾಗುತ್ತಿದೆಯೇನೋ ಎಂಬ ಆತಂಕವಿದೆ. ಬೀಟೆ ಮರ ನಿಧಾನವಾಗಿ ಬೆಳೆಯುವಂಥದ್ದು. ಒಂದು ಕಾಲದಲ್ಲಿ ಅದನ್ನು ಮಿತಿಮೀರಿ ಕಡಿದದ್ದರಿಂದ ಇಂದು ಅನುಮತಿಯಿಲ್ಲದೆ ಕಡಿಯುವಂತಿಲ್ಲ. 2017ರ ಜನವರಿಯಿಂದ ಬೀಟೆಯ ಇಡೀ ಕುಲಕ್ಕೆ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡುಗಳೂ ಬಂದಿವೆ. ಕಾಡಿಗೆ ಇದು ಬೇಕೇ ಬೇಕು. ಆದರೆ ಚೂರು ಚೂರನ್ನೂ ಎಣಿಸಿ ಬಳಸುವ ಕುಶಲಕರ್ಮಿಗೆ ಮರ ದುಬಾರಿಯಾಗಿದೆ. ಒಂದು ಹಲಗೆಗೆ ದಿನಗಟ್ಟಲೆ ಕುಳಿತವರಿಗೆ ಸಿಗುವ ಹಣ ಎಷ್ಟೋ ಸಲ ಆ ದಿನಗಳ ಕೂಲಿಗೂ ಸರಿಹೋಗುವುದಿಲ್ಲ. ಕಣ್ಣು ಸೋಲುತ್ತದೆ, ಮರದ ಪುಡಿ ಎದೆಗೆ ಹೋಗುತ್ತದೆ. ನಾವು ಹೋಗಿದ್ದ ಮನೆಯ ಉಸ್ತಾದರ ಇಬ್ಬರು ಗಂಡುಮಕ್ಕಳೂ ಬೇರೆ ಉದ್ಯೋಗದಲ್ಲಿದ್ದಾರೆ. “ಅವರಿಗೆ ಸಂಬಳ ಬರುತ್ತೆ ಅಮ್ಮಾ, ನಂಗೆ ಅದೇ ಸಮಾಧಾನ” ಎಂದರು. ಹೇಳುವಾಗ ಬೇಸರ ತೋರಿಸಲಿಲ್ಲ. ಕೈ ಮಾತ್ರ ಪಕ್ಕದಲ್ಲಿದ್ದ ಗರಗಸವನ್ನು ನೇರ ಮಾಡಿಟ್ಟಿತು.

ಹಾಗಾದರೆ ನಾವೇನು ಮಾಡಬಹುದು? ಎಲ್ಲರೂ ದೊಡ್ಡ ಹಲಗೆ ಕೊಳ್ಳಲು ಆಗುವುದಿಲ್ಲ. ಆದರೆ ಕಂಡಾಗ ಅಚ್ಚಿನ ಚಿತ್ರಕ್ಕೂ ಕೈಯ ಚಿತ್ರಕ್ಕೂ ಇರುವ ವ್ಯತ್ಯಾಸ ಗುರುತಿಸಲು ಕಲಿಯಬಹುದು. ಬೆರಳಿನಿಂದ ಸವರಿ, ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಪ್ರತಿ ಚೂರಿನ ಎಳೆಯೂ ಬೇರೆ ದಿಕ್ಕಿಗೆ ಹೊಳೆದರೆ ಅದು ಮರವನ್ನು ಕೂಡಿಸಿ ಮಾಡಿದ ಚಿತ್ರ. ಬೋಳುಮರವಿದ್ದರೆ ಕವಲುಗಳನ್ನು ನೋಡಿ. ಎಳೆ ಕೊಂಬೆಯ ಜೊತೆಗೇ ತಿರುಗಿದ್ದರೆ, ಮಾಡಿದವರು ಬಲ್ಲವರು. ಬೆಲೆ ಚೌಕಾಸಿ ಮಾಡುವ ಮುನ್ನ ಆ ಕವಲುಗಳನ್ನು ಒಮ್ಮೆ ಎಣಿಸಿ.

ಮಕ್ಕಳಿಗೊಂದು ಕೆಲಸ ಹೇಳುತ್ತೇನೆ. ನಿಮ್ಮ ಊರಿನಲ್ಲಿ, ಕೆರೆಯ ದಂಡೆಯಲ್ಲೋ ಹೊಲದ ಬದುವಿನಲ್ಲೋ, ಒಂದು ಒಣಮರ ಇದ್ದೇ ಇರುತ್ತದೆ. ಮೈಸೂರಿನವರಾದರೆ ಕುಕ್ಕರಹಳ್ಳಿ ಕೆರೆಯ ಕಡೆ ಹೋಗಬಹುದು. ತುಸು ದೂರದಲ್ಲಿ ಕುಳಿತು ಗಮನಿಸಿ, ಏಕೆಂದರೆ ಒಣಕೊಂಬೆ ಯಾವಾಗ ಬೇಕಾದರೂ ಬೀಳಬಹುದು. ಎಲೆಯಿಲ್ಲದ ಕೊಂಬೆ ನೀರುಕಾಗೆಗೆ ರೆಕ್ಕೆ ಒಣಗಿಸುವ ಜಾಗ. ಮರಕುಟಿಗ ಕೊರೆದ ತೂತು ಮುಂದಿನ ವರ್ಷ ಗಿಳಿಯ ಮನೆ, ಅದರಾಚೆಗೆ ಮೈನಾದ್ದೋ ಗೂಬೆಯದ್ದೋ ಮನೆ. ಬುಡದಲ್ಲಿ ಅಣಬೆ, ತೊಗಟೆಯ ಅಡಿಯಲ್ಲಿ ಹುಳು, ಹುಳು ಹುಡುಕುವ ಓತಿಕೇತ. ಇದನ್ನೆಲ್ಲ ಒಂದೇ ಪೆನ್ಸಿಲಿನಲ್ಲಿ ಬರೆಯಿರಿ. ಬುಡದಿಂದ ಶುರುಮಾಡಿ, ಕೊಂಬೆಗಳು ದಪ್ಪದಿಂದ ಸಣ್ಣಕ್ಕೆ ಹೋಗುವುದನ್ನು ಹಿಂಬಾಲಿಸಿ. ಎಲೆ ಬರೆಯುವ ಅವಸರವಿಲ್ಲದ್ದರಿಂದ ಮರ ನಿಜವಾಗಿ ಹೇಗೆ ನಿಂತಿರುತ್ತದೆ ಎಂಬುದು ನಿಮಗೆ ಮೊದಲ ಸಲ ತಿಳಿಯುತ್ತದೆ.

ಚಿತ್ರ ಮುಗಿದ ಮೇಲೆ ಅದನ್ನು ಅಜ್ಜನಿಗೋ ಅಜ್ಜಿಗೋ ತೋರಿಸಿ. ಆ ಮರ ಹಸಿರಾಗಿದ್ದಾಗ ಯಾವ ಮರವಾಗಿತ್ತು, ಯಾರು ನೆಟ್ಟಿದ್ದರು, ಅದರ ನೆರಳಲ್ಲಿ ಯಾರು ಕೂರುತ್ತಿದ್ದರು, ಯಾವ ವರ್ಷದ ಗಾಳಿಗೆ ಅದರ ದೊಡ್ಡ ಕೊಂಬೆ ಮುರಿಯಿತು ಎಂದು ಕೇಳಿ. ಅವರು ಹೇಳಿದ್ದನ್ನು ಚಿತ್ರದ ಕೆಳಗೆ ಬರೆದು, ತಾರೀಖು ಹಾಕಿಡಿ. ಮುಂದಿನ ಮಳೆಗಾಲದಲ್ಲಿ ಆ ಮರ ಉರುಳಿದರೂ ಅದು ಹೇಗಿತ್ತು ಎಂದು ಊರಿಗೆ ಹೇಳಲು ನಿಮ್ಮ ಹತ್ತಿರ ಒಂದು ಹಾಳೆ ಇರುತ್ತದೆ.